ಒಣಗಿದ ಕೂದಲಿಗೆ ಮನೆಮದ್ದು: ಯಾವುದು ಉಪಯೋಗ, ಯಾವುದು ಬರೀ ಖರ್ಚು?

ಬೇಸಿಗೆ ಬಂತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಹೆಣ್ಮಕ್ಕಳದ್ದು ಒಂದೇ ದೂರು. ಕೂದಲು ತೆಂಗಿನ ನಾರಿನ ಹಾಗೆ ಆಗಿದೆ, ಬಾಚಿದರೆ ತುಂಡಾಗುತ್ತದೆ. ಕಡಲ ಬದಿಯ ಕೆಲವು ಬಾವಿಗಳಲ್ಲಿ ಈ ಸಮಯಕ್ಕೆ ಉಪ್ಪಿನಂಶ ಏರುತ್ತದೆ. ಬಾವಿ ಬತ್ತಿದವರಿಗೆ ಬೋರ್‌ವೆಲ್ಲೇ ಗತಿ. ಗಲ್ಫ್‌ನಲ್ಲಿ ಇರುವವರಿಗೆ ಹಗಲೂ ರಾತ್ರಿ ಎಸಿ ಗಾಳಿ. ಕೊನೆಗೆ ಎಲ್ಲರೂ ಹೋಗಿ ನಿಲ್ಲುವುದು ಸಾವಿರಗಟ್ಟಲೆ ರೂಪಾಯಿ ಕೇಳುವ ಪಾರ್ಲರ್ ಬಾಗಿಲಲ್ಲಿ. ಅದಕ್ಕೆ ಮೊದಲು ಕೂದಲು ಯಾಕೆ ಒಣಗುತ್ತದೆ ಎಂದು ತಿಳಿದುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಕೂದಲು ಒಣಗುವುದು ಹೇಗೆ?

ತಲೆಯ ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇರುವುದಿಲ್ಲ. ಅದರ ಹೊರಪದರ ಹೆಂಚು ಹಾಸಿದ ಮಾಡಿನಂತೆ, ಒಂದರ ಮೇಲೊಂದು ಚಿಕ್ಕ ಚಿಕ್ಕ ಪೊರೆಗಳು. ಹೆಂಚು ಸರಿಯಾಗಿ ಕೂತಿದ್ದರೆ ಒಳಗಿನ ತೇವ ಉಳಿಯುತ್ತದೆ, ಕೂದಲು ಹೊಳೆಯುತ್ತದೆ. ಬಿಸಿ ನೀರು, ಖಾರವಾದ ಸೋಪು, ಹೇರ್ ಡ್ರೈಯರ್, ಬಣ್ಣ ಇವೆಲ್ಲ ಆ ಹೆಂಚನ್ನು ಎಬ್ಬಿಸುತ್ತವೆ. ಗಡುಸು ನೀರಿನಲ್ಲಿ ಸೋಪು ಹಾಕಿ ತಲೆ ತೊಳೆದರೆ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೇ ಅಂಟುತ್ತದೆ. ಇಂಥ ನೀರಿಗೆ ಸೋಪಿಗಿಂತ ಶಾಂಪೂ ವಾಸಿ.

ಎಣ್ಣೆ: ಸ್ನಾನದ ನಂತರವಲ್ಲ, ಮೊದಲು

2003ರಲ್ಲಿ ಭಾರತದ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನ್ ನಷ್ಟವನ್ನು ಸ್ಪಷ್ಟವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲ ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಒಳಗೆ ಇಳಿಯುತ್ತದೆ. ಮಿನರಲ್ ಆಯಿಲ್ ಮೇಲೆಯೇ ನಿಲ್ಲುತ್ತದೆ.

ಎಣ್ಣೆಯಲ್ಲಿ ನೀರಿಲ್ಲ, ಅದು ತೇವ ಕೊಡುವುದಿಲ್ಲ. ತಲೆ ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ, ಇದ್ದ ತೇವವನ್ನು ಹಿಡಿದಿಡುತ್ತದೆ. ಅದಕ್ಕೇ ಸ್ನಾನಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲು ಎರಡು ಮೂರು ಚಮಚ ಉಗುರುಬೆಚ್ಚಗಿನ ಎಣ್ಣೆಯನ್ನು ಕೂದಲ ತುದಿಯವರೆಗೂ ಹಚ್ಚಬೇಕು. ವಾರಕ್ಕೆ ಎರಡು ಸಲ ಸಾಕು.

2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತ್ತು. ಬೆಲೆ ಏರಿದಾಗ ಕಲಬೆರಕೆಯೂ ಏರುತ್ತದೆ. ಪರೀಕ್ಷೆ ಸುಲಭ: ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಡ್ಜ್‌ನಲ್ಲಿಡಿ. ಅಪ್ಪಟ ಎಣ್ಣೆ ಪೂರ್ತಿ ಗಟ್ಟಿಯಾಗುತ್ತದೆ, ಬೇರೆ ಎಣ್ಣೆ ಸೇರಿದ್ದರೆ ಅದು ಪ್ರತ್ಯೇಕ ಪದರವಾಗಿ ಉಳಿಯುತ್ತದೆ. 'ಹೇರ್ ಆಯಿಲ್' ಬಾಟಲಿ ಕೊಳ್ಳುವಾಗ ಹಿಂದಿನ ಚಿಕ್ಕ ಅಕ್ಷರ ಓದಿ. ಮುಂದೆ ತೆಂಗಿನಕಾಯಿ ಚಿತ್ರ, ಹಿಂದೆ ಮೊದಲ ಹೆಸರೇ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಇರುವುದುಂಟು.

ಹಿತ್ತಿಲಿನ ಲೋಳೆಗಳು

ದಾಸವಾಳದ ಎಲೆ: ಹದಿನೈದು ಇಪ್ಪತ್ತು ಎಲೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಕೈಯಲ್ಲೇ ಹಿಚುಕಿ ಸೋಸಿ. ಕೇರಳದಲ್ಲಿ ಇದಕ್ಕೆ ತಾಳಿ ಎನ್ನುತ್ತಾರೆ. ಎಣ್ಣೆಯನ್ನು ಮೆತ್ತಗೆ ತೆಗೆಯುತ್ತದೆ, ಶಾಂಪೂವಿನಷ್ಟು ಒಣಗಿಸುವುದಿಲ್ಲ.

ಮೆಂತೆ: ಎರಡು ಚಮಚ ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿ. ಸೋಸದೆ ಹಚ್ಚಿದರೆ ತರಿ ತೆಗೆಯುವುದೇ ಒಂದು ಕೆಲಸ. ಇಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಕೂದಲು ನಯವಾಗಿ ಸಿಕ್ಕು ಬಿಡುತ್ತದೆ.

ಲೋಳೆಸರ: ಎಲೆ ಕತ್ತರಿಸಿ ಹತ್ತು ನಿಮಿಷ ನೇರವಾಗಿ ನಿಲ್ಲಿಸಿ, ಹಳದಿ ರಸ ಪೂರ್ತಿ ಇಳಿದ ಮೇಲೆ ತಿರುಳು ತೆಗೆಯಬೇಕು. ಆ ರಸದಿಂದ ಕೆಲವರಿಗೆ ತುರಿಕೆ ಬರುತ್ತದೆ.

ಮೊಟ್ಟೆ: ಇದರ ಪ್ರೋಟೀನ್ ದೊಡ್ಡದು, ಕೂದಲಿನೊಳಗೆ ಹೋಗುವುದಿಲ್ಲ. ಹಳದಿಯ ಕೊಬ್ಬು ಮೇಲೊಂದು ಪದರ ಕೊಡುತ್ತದೆ ಅಷ್ಟೇ. ಮೊಟ್ಟೆ ತಿಂದರೇ ಲಾಭ ಜಾಸ್ತಿ.

ನಿಂಬೆರಸ, ಅಡುಗೆ ಸೋಡಾ ನೇರವಾಗಿ ತಲೆಗೆ ಬೇಡವೇ ಬೇಡ. ಹೊಸದು ಏನೇ ಇದ್ದರೂ ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಿ.

ಮದುವೆ ಮೊದಲಿನ ಸ್ಟ್ರೈಟನಿಂಗ್

ನಿಖಾಹ್ ಹತ್ತಿರ ಬಂದಾಗ ಕೂದಲು ನೇರ ಮಾಡಿಸುವುದು ಈಗ ಸಾಮಾನ್ಯ. ಇಂಥ ಕೆಲವು ಕ್ರೀಮ್‌ಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 26 ವರ್ಷದ ಯುವತಿಯೊಬ್ಬಳ ಪ್ರಕರಣ ಬಂದಿತ್ತು. ಮೂರು ಸಲ ಸ್ಟ್ರೈಟನಿಂಗ್ ಮಾಡಿಸಿದಾಗಲೂ ಅವಳ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಕ್ರೀಮಿನಲ್ಲಿ ಇದ್ದದ್ದು ಗ್ಲೈಆಕ್ಸಿಲಿಕ್ ಆಮ್ಲ. ಪಾರ್ಲರ್‌ನಲ್ಲಿ ಡಬ್ಬಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಖರ್ಚಿಲ್ಲದ ಕೆಲಸ

ಒದ್ದೆ ಕೂದಲು ಬೇಗ ತುಂಡಾಗುತ್ತದೆ. ಹಾಗಾಗಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸಿ. ಒದ್ದೆ ತಲೆಗೆ ಶಾಲು ಬಿಗಿದರೆ ವಾಸನೆ, ಹೊಟ್ಟು ಎರಡೂ ಬರುತ್ತವೆ, ಪೂರ್ತಿ ಒಣಗಿದ ಮೇಲೆ ಕಟ್ಟಿ. ಮಕ್ಕಾನೆ ಹತ್ತಿಯದ್ದಾದರೆ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಎರಡು ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ, ಜೊತೆಗೆ ಸುಸ್ತು, ತೂಕದಲ್ಲಿ ಏರುಪೇರು, ಮುಟ್ಟಿನ ತೊಂದರೆ ಇದ್ದರೆ ಎಣ್ಣೆ ಬದಲಿಸುತ್ತಾ ಕೂರಬಾರದು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಕೂದಲು ಹೀಗೇ ಒಣಗಬಹುದು. ಒಂದು ರಕ್ತ ಪರೀಕ್ಷೆಗೆ ಆಗುವ ಖರ್ಚು ಪಾರ್ಲರ್ ಬಿಲ್ಲಿಗಿಂತ ಕಡಿಮೆ.