ಕವಿಗಳು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?



ಹೋದ ತಿಂಗಳು ನಾನು ಒಂದು ಕವನ ಬರೆದು ಮನೆಯಲ್ಲಿ ಓದಿದೆ. ನಮ್ಮಪ್ಪ ಗಾರೆ ಕೆಲಸ ಮಾಡುತ್ತಾರೆ. ಅವತ್ತು ಕತ್ರಿಗುಪ್ಪೆಯ ಒಂದು ಕಟ್ಟಡದ ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದರು. ಆದರೂ ಪೂರ್ತಿ ಕೇಳಿದರು. ಆಮೇಲೆ, "ಚೆನ್ನಾಗೈತೆ ಕಣಪ್ಪ. ಆದ್ರೆ ಇದನ್ನ ಬರ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ?" ಅಂದರು. ನನಗೆ ಬೇಜಾರಾಯಿತು. ಆದರೆ ಉತ್ತರ ಗೊತ್ತಿರಲಿಲ್ಲ.

ಮಾರನೆಯ ದಿನ ಕನ್ನಡ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, "ನಿಮ್ಮಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ನೀನೇ ಹುಡುಕು, ಗೋಡೆ ಪತ್ರಿಕೆಗೆ ಬರಿ" ಎಂದು ಕೆಲವು ಪುಸ್ತಕ ಕೊಟ್ಟರು. ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನಮ್ಮ ಪಕ್ಕದ ಊರಿನಿಂದಲೇ ಶುರು ಮಾಡುತ್ತೇನೆ. ನಮ್ಮ ಇಟ್ಟಮಡು ಒಂದು ಕಾಲಕ್ಕೆ ಹಳ್ಳಿ. ಈಗ ಸುತ್ತಲೂ ಬೆಂಗಳೂರು ಬೆಳೆದುಬಿಟ್ಟಿದೆ. ಇಲ್ಲಿಂದ ನಡೆದೇ ಹೋಗಬಹುದಾದ ಪದ್ಮನಾಭನಗರದಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಮನೆ ಇತ್ತು. 'ನಿತ್ಯೋತ್ಸವ' ಬರೆದ ಕವಿ ಅವರೇ! ಹುಟ್ಟಿದ್ದು 1936ರಲ್ಲಿ, ದೇವನಹಳ್ಳಿಯಲ್ಲಿ. ಅವರು ಓದಿದ್ದು ಏನು ಗೊತ್ತಾ? ಕನ್ನಡ ಅಲ್ಲ, ಭೂವಿಜ್ಞಾನ. ಅಂದರೆ ಕಲ್ಲು, ಮಣ್ಣು, ಖನಿಜಗಳ ಶಾಸ್ತ್ರ. 1959ರಲ್ಲಿ ಎಂ.ಎಸ್ಸಿ. ಮುಗಿಸಿದರು. ಸ್ವಲ್ಪ ಕಾಲ ಸರ್ಕಾರದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿದ್ದು, ಆಮೇಲೆ ಬೆಂಗಳೂರು, ಚಿತ್ರದುರ್ಗ, ಶಿವಮೊಗ್ಗಗಳ ಸರ್ಕಾರಿ ಕಾಲೇಜುಗಳಲ್ಲಿ ಭೂವಿಜ್ಞಾನವನ್ನೇ ಪಾಠ ಮಾಡಿದರು. ಸಂಬಳ ಬಂದದ್ದು ಕಲ್ಲಿನ ಪಾಠದಿಂದ, ಕವಿತೆಯಿಂದ ಅಲ್ಲ.

ಅವರ ಮೊದಲ ಕವನ ಸಂಕಲನ 1960ರಲ್ಲಿ ಬಂತು. ಹೆಸರು 'ಮನಸು ಗಾಂಧಿಬಜಾರು'. ಹಬ್ಬಕ್ಕೆ ನಮ್ಮಮ್ಮ ಹೂವು ತರುವ ಅದೇ ಗಾಂಧಿಬಜಾರು! ಅವರು ಪಾಠ ಮಾಡಿದ ಶಿವಮೊಗ್ಗದ ಕಡೆಯ ಜೋಗ, ತುಂಗೆ, ಸಹ್ಯಾದ್ರಿ 'ನಿತ್ಯೋತ್ಸವ' ಹಾಡಿನಲ್ಲಿವೆ. ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿ, 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದು ಮನೆಮನೆ ಸೇರಿತು. 2008ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2020ರ ಮೇ 3ರಂದು ತೀರಿಕೊಂಡರು. ನಮ್ಮ ಪ್ರಾರ್ಥನೆ ಬಯಲಲ್ಲಿ ಎಷ್ಟು ಸಲ ಆ ಹಾಡು ಹಾಡಿದ್ದೇವೆ! ಇಷ್ಟು ಹತ್ತಿರ ಇದ್ದವರು ಅಂತ ನನಗೆ ಈಗಲೇ ತಿಳಿದದ್ದು.

ಹಾಗೆಯೇ 'ಮೈಸೂರು ಮಲ್ಲಿಗೆ'ಯ ಕೆ. ಎಸ್. ನರಸಿಂಹಸ್ವಾಮಿ ಅವರು. 1915ರಲ್ಲಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದವರು. ಮದುವೆ ಮನೆಗಳಲ್ಲಿ ಈಗಲೂ ಅವರ ಹಾಡು ಕೇಳುತ್ತೇವೆ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಹಗಲು ಫೈಲು, ಉಳಿದ ಹೊತ್ತಿನಲ್ಲಿ ಕವಿತೆ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಎಂಬ ಕವಿಯ ಪ್ರೇಮಗೀತೆಗಳನ್ನು ಅವರು ಕನ್ನಡಕ್ಕೆ ತಂದರು. 1796ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ ಆ ಬರ್ನ್ಸ್ ಕೂಡ ರೈತ. ಹೊಲದಿಂದ ಬದುಕು ಸಾಗದೆ ಸರ್ಕಾರದ ಸುಂಕ ವಸೂಲಿ ಕೆಲಸಕ್ಕೆ ಸೇರಿದವನು. ಕಿಕ್ಕೇರಿಯ ಗುಮಾಸ್ತರಿಗೂ ಸ್ಕಾಟ್ಲೆಂಡಿನ ರೈತನಿಗೂ ಹೀಗೆ ಸ್ನೇಹವಾಯಿತು ನೋಡಿ!

ಹಾಗಾದರೆ ಬೇರೆ ದೇಶಗಳಲ್ಲಿ ಹೇಗೆ? ನಮ್ಮ ಕಾಲಕ್ಕೆ ಹತ್ತಿರದವರು, ಅದರಲ್ಲೂ ನೊಬೆಲ್ ಬಹುಮಾನ ಪಡೆದವರು, ಕವಿತೆಯಿಂದಲೇ ಬದುಕಿರಬೇಕು ಅಂತ ನಾನು ಅಂದುಕೊಂಡಿದ್ದೆ. ಅದೂ ತಪ್ಪಾಯಿತು.

ರಷ್ಯಾದಲ್ಲಿ ಜೋಸೆಫ್ ಬ್ರಾಡ್‌ಸ್ಕಿ ಎಂಬ ಕವಿ ಇದ್ದರು. ಹುಟ್ಟಿದ್ದು 1940ರಲ್ಲಿ. 15ನೇ ವಯಸ್ಸಿಗೆ ಶಾಲೆ ಬಿಟ್ಟು ಕಾರ್ಖಾನೆ ಸೇರಿದರು. ಶವಾಗಾರದಲ್ಲೂ ಕೆಲಸ ಮಾಡಿದರು. ಖನಿಜ ಹುಡುಕುವ ತಂಡಗಳ ಜೊತೆ ಕಾಡುಮೇಡು ಅಲೆದರು. ನಮ್ಮ ನಿಸಾರ್ ಅವರ ಹಾಗೆ ಇವರಿಗೂ ಕಲ್ಲಿನ ಸಹವಾಸ! ಆದರೆ 1964ರಲ್ಲಿ ಸೋವಿಯತ್ ಸರ್ಕಾರ ಅವರ ಮೇಲೆ ಮೊಕದ್ದಮೆ ಹಾಕಿತು. ಆರೋಪ ಏನೆಂದರೆ, ಇವನು ದುಡಿಯದೆ ಕೂತು ತಿನ್ನುವವನು ಅಂತ. ನಮ್ಮಪ್ಪ ಪ್ರೀತಿಯಿಂದ ಕೇಳಿದ ಪ್ರಶ್ನೆಯನ್ನು ಅಲ್ಲಿ ಕೋರ್ಟೇ ಕೇಳಿತು. ನಿನ್ನನ್ನು ಕವಿ ಎಂದು ಒಪ್ಪಿದವರು ಯಾರು ಎಂದು ನ್ಯಾಯಾಧೀಶರು ಕೇಳಿದರೆ, ನನ್ನನ್ನು ಮನುಷ್ಯರ ಸಾಲಿಗೆ ಸೇರಿಸಿದವರಾದರೂ ಯಾರು ಎಂದು ಆ 23 ವರ್ಷದ ಹುಡುಗ ತಿರುಗಿ ಕೇಳಿದನಂತೆ. 5 ವರ್ಷದ ಶಿಕ್ಷೆ ಕೊಟ್ಟು ಉತ್ತರದ ಚಳಿ ಪ್ರದೇಶದ ಹಳ್ಳಿಗೆ ಹೊಲದ ಕೆಲಸಕ್ಕೆ ಕಳಿಸಿದರು. ಸುಮಾರು ಒಂದೂವರೆ ವರ್ಷಕ್ಕೆ ಬಿಡುಗಡೆ ಆಯಿತು. 1972ರಲ್ಲಿ ದೇಶವನ್ನೇ ಬಿಡಿಸಿದರು. 1987ರಲ್ಲಿ ನೊಬೆಲ್ ಬಂತು. ದುಡಿಯದವನು ಅಂದವರು, ಆತ ಕಾರ್ಖಾನೆಯಲ್ಲಿ ದುಡಿದದ್ದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಪೋಲೆಂಡಿನ ವಿಸ್ವಾವಾ ಶಿಂಬೋರ್ಸ್ಕಾ ಅವರದು ಇನ್ನೊಂದು ಕಥೆ. ಎರಡನೆಯ ಮಹಾಯುದ್ಧ ನಡೆಯುವಾಗ, 1943ರಲ್ಲಿ, ಅವರು ರೈಲ್ವೆ ಕೆಲಸಕ್ಕೆ ಸೇರಿದರು. ಇಲ್ಲದಿದ್ದರೆ ಜರ್ಮನಿಗೆ ಜೀತಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಆಮೇಲೆ ಬಹಳ ವರ್ಷ ಒಂದು ಸಾಹಿತ್ಯ ವಾರಪತ್ರಿಕೆಯಲ್ಲಿ ಕೆಲಸ ಮಾಡಿದರು. ಹೊಸಬರು ಕಳಿಸುವ ಬರಹಗಳಿಗೆ ಉತ್ತರ ಬರೆಯುವುದೂ ಅಲ್ಲಿ ಅವರ ಕೆಲಸವಾಗಿತ್ತು. ನೊಬೆಲ್ ಬಂದದ್ದು 1996ರಲ್ಲಿ. ಇಡೀ ಜೀವನದಲ್ಲಿ ಅವರು ಅಚ್ಚಿಗೆ ಕೊಟ್ಟ ಕವಿತೆಗಳು ಸುಮಾರು 350 ಅಷ್ಟೇ. ಯಾಕಿಷ್ಟು ಕಡಿಮೆ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಕಸದ ಬುಟ್ಟಿ ಇದೆಯಲ್ಲ ಎಂದರಂತೆ! ನಮ್ಮಪ್ಪನೂ ಹಾಗೇ. ರಸಮಟ್ಟ ಇಟ್ಟು ನೋಡಿ, ಗೋಡೆ ಓರೆಯಾಗಿದ್ದರೆ ಕಟ್ಟಿದ ವರಸೆ ಕಿತ್ತು ಮತ್ತೆ ಕಟ್ಟುತ್ತಾರೆ. ನಾನು ನನ್ನ ಕವನವನ್ನು ಒಂದು ಸಲವೂ ತಿದ್ದಿರಲಿಲ್ಲ.

ಇನ್ನು ಅಪ್ಪಂದಿರ ವಿಷಯ. ಚಿಲಿ ದೇಶದ ಪಾಬ್ಲೊ ನೆರೂಡ ಅವರ ತಂದೆ ರೈಲ್ವೆ ನೌಕರರು. ಮಗ ಕವಿತೆ ಬರೆಯುವುದು ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಅದಕ್ಕೇ ಹುಡುಗ ಹೆಸರು ಬದಲಿಸಿಕೊಂಡು ಬರೆದ. ನೆರೂಡ ಎಂಬುದು ಹಾಗೆ ಇಟ್ಟುಕೊಂಡ ಹೆಸರು. ಮುಂದೆ ಅವರು ತಮ್ಮ ದೇಶದ ಸರ್ಕಾರಿ ಪ್ರತಿನಿಧಿಯಾಗಿ ರಂಗೂನ್, ಕೊಲಂಬೊಗಳಲ್ಲೂ ಕೆಲಸ ಮಾಡಿದರು. 1971ರಲ್ಲಿ ನೊಬೆಲ್ ಪಡೆದರು. ಅವರು ಹುಡುಗನಾಗಿದ್ದಾಗ ಅವರ ಊರಿನ ಹೆಣ್ಣುಮಕ್ಕಳ ಶಾಲೆಗೆ ಗೇಬ್ರಿಯೆಲಾ ಮಿಸ್ಟ್ರಾಲ್ ಎಂಬ ಮುಖ್ಯೋಪಾಧ್ಯಾಯಿನಿ ಬಂದರು. ಈ ಹುಡುಗನಿಗೆ ಓದಲು ಒಳ್ಳೆಯ ಪುಸ್ತಕ ಕೊಟ್ಟರು. ಆ ಟೀಚರೂ ಕವಿ. 15ನೇ ವಯಸ್ಸಿಗೇ ಹಳ್ಳಿ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದವರು. ಅವರಿಗೆ 1945ರಲ್ಲೇ ನೊಬೆಲ್ ಬಂದಿತ್ತು. ನಮ್ಮ ಗುರುಗಳೆಲ್ಲ ಇದನ್ನು ಓದಲಿ ಅಂತಲೇ ಬರೆದಿದ್ದೇನೆ.

ಐರ್ಲೆಂಡಿನ ಷೇಮಸ್ ಹೀನಿ ರೈತನ ಮಗ. 9 ಮಕ್ಕಳಲ್ಲಿ ದೊಡ್ಡವರು. ಓದಿ ಮೇಷ್ಟ್ರಾದರು. ಅವರ ಮೊದಲ ಸಂಕಲನ ಬಂದದ್ದು 1966ರಲ್ಲಿ. ಅಪ್ಪ ನೆಲ ಅಗೆಯುವುದನ್ನು ನೋಡಿ, ಅದೇ ಕೆಲಸವನ್ನು ತಾನು ಪೆನ್ನಿನಿಂದ ಮಾಡಬೇಕು ಅಂದುಕೊಂಡ ಮಗನ ಕವಿತೆ ಅದರಲ್ಲಿದೆ. ನೊಬೆಲ್ ಬಂದದ್ದು 1995ರಲ್ಲಿ. ಮೇಷ್ಟ್ರು ಇದನ್ನು ವಿವರಿಸಿದಾಗ ನನಗೆ ನಮ್ಮಪ್ಪನ ಕರಣೆ ನೆನಪಾಯಿತು.

ಸ್ನೇಹಿತರೇ, ಇದರಿಂದ ನನಗೆ ತಿಳಿದದ್ದು ಇಷ್ಟು. ನಮ್ಮಪ್ಪ ಹೇಳಿದ್ದು ಸುಳ್ಳಲ್ಲ. ಕವಿತೆ ಬರೆದು ಹೊಟ್ಟೆ ತುಂಬಿಸಿಕೊಂಡವರು ಬಹಳ ಕಡಿಮೆ. ಆದ್ದರಿಂದ ಓದಬೇಕು, ಕೆಲಸ ಕಲಿಯಬೇಕು. ಆದರೆ ಅದಕ್ಕಾಗಿ ಬರೆಯುವುದನ್ನು ಬಿಡಬೇಕಾಗಿಲ್ಲ. ಗುಮಾಸ್ತರು, ಕಾರ್ಖಾನೆ ಕಾರ್ಮಿಕರು, ಮೇಷ್ಟ್ರುಗಳು ದುಡಿಯುತ್ತಲೇ ಬರೆದರು. ದುಡಿಯುವಾಗ ಕಂಡದ್ದೇ ಎಷ್ಟೋ ಸಲ ಅವರ ಕವಿತೆ ಆಯಿತು.

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. "ಇವರಲ್ಲಿ ಗಾರೆ ಕೆಲಸದೋರು ಒಬ್ರೂ ಇಲ್ವಲ್ಲೋ" ಅಂದರು. ನನಗೆ ಸಿಗಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನೇ ನಮ್ಮ ಕೆಲಸದ ಮೇಲೆ ಒಂದು ಬರಿ. ಓದೋದು ಮಾತ್ರ ಬಿಡಬೇಡ" ಅಂದರು. ಬರೆಯುತ್ತಿದ್ದೇನೆ. ಈ ಸಲ ಎರಡು ಬಾರಿ ಹರಿದು ಹಾಕಿದ್ದೇನೆ.

ನೀವೂ ನಿಮ್ಮ ಮನೆಯವರು ಮಾಡುವ ಕೆಲಸದ ಬಗ್ಗೆ ಒಂದು ಕವನ ಬರೆದು ಶನಿವಾರದೊಳಗೆ ಮಾನಿಟರ್ ಕೈಗೆ ಕೊಡಿ. ಹೂ ಕಟ್ಟುವುದು, ಆಟೋ ಓಡಿಸುವುದು, ಬಟ್ಟೆ ಹೊಲಿಯುವುದು, ಯಾವುದಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಹಾಕೋಣ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ, ಇಟ್ಟಮಡು