ಅಂಗಳದಲ್ಲಿ ಉಳಿದ ಡೈನೋಸಾರ್

‘ಡೈನೋಸಾರ್ ಈಗೂ ಅದಾವೇನು?’ ಎಂದು ಮಗು ಕೇಳಿದರೆ ಹಿರಿಯರು ಸಾಮಾನ್ಯವಾಗಿ ‘ಇಲ್ಲ, ಎಲ್ಲಾ ಎಂದೋ ಸತ್ತುಹೋದವು’ ಎನ್ನುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತೋರಿಸಿಕೊಡಲು ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಸತ್ತವುಗಳ ಕಾಲದ ಕಲ್ಲು ಇಲ್ಲಿ ಹೊಲದ ಅಡಿಯಲ್ಲಿದೆ. ಉಳಿದವುಗಳ ವಂಶ ಮನೆಯ ಮುಂದೆ ಕಾಳು ಹೆಕ್ಕುತ್ತಿದೆ.

ಮಗುವಿಗೆ ಮೊದಲು ಕೋಳಿಯ ಕಾಲು ನೋಡಲು ಹೇಳಿ. ಅದರ ಮೇಲೆ ಹುರುಪೆಗಳಿವೆ, ಮುಂದಕ್ಕೆ ಚಾಚಿದ ಮೂರು ಬೆರಳುಗಳಿವೆ. ಎರಡೂ ಕಾಲು ಮೈಯ ಕೆಳಗೆ ನೇರವಾಗಿ ನಿಂತಿವೆ. ಗೋಡೆಯ ಹಲ್ಲಿ, ಬೇಲಿಯ ಓತಿಕ್ಯಾತಗಳ ಕಾಲು ಹಾಗಲ್ಲ. ಅವು ಮೈಯಿಂದ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಡೈನೋಸಾರ್‌ಗಳು ನಿಲ್ಲುತ್ತಿದ್ದದ್ದು ಕೋಳಿಯ ಹಾಗೆ. ಓತಿಕ್ಯಾತ ಎಷ್ಟೇ ಭಯಂಕರವಾಗಿ ಕಂಡರೂ ಅದು ಆ ವಂಶದ್ದಲ್ಲ. ಮೊಸಳೆ ದೂರದ ದಾಯಾದಿ, ಅಷ್ಟೇ.

ಇನ್ನಷ್ಟು ಸಾಕ್ಷಿ ಎಲುಬುಗಳಲ್ಲಿದೆ. ಕೋಳಿಯ ಎದೆಯ ಮೇಲ್ಭಾಗದಲ್ಲಿರುವ ಕವಲೊಡೆದ ಎಲುಬು ದೈತ್ಯ ಡೈನೋಸಾರ್ ಟಿರನೋಸಾರಸ್‌ಗೂ ಇತ್ತು. 1861ರಲ್ಲಿ ಜರ್ಮನಿಯಲ್ಲಿ ಕಲ್ಲಾಗಿ ಸಿಕ್ಕ ಪುರಾತನ ಪ್ರಾಣಿ ಆರ್ಕಿಯಾಪ್ಟೆರಿಕ್ಸ್‌ಗೆ ಹಕ್ಕಿಯ ಗರಿಯೂ ಇತ್ತು, ಡೈನೋಸಾರ್‌ನ ಹಲ್ಲು ಮತ್ತು ಉದ್ದ ಬಾಲದ ಎಲುಬೂ ಇದ್ದವು. 1993ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ಮೇಲೆ ಕಾವು ಕೂತ ಭಂಗಿಯಲ್ಲೇ ಕಲ್ಲಾಗಿದ್ದ ಡೈನೋಸಾರ್ ಸಿಕ್ಕಿತು. 1996ರಲ್ಲಿ ಚೀನಾದಲ್ಲಿ ಮೈತುಂಬ ನವಿರು ಗರಿಯಿದ್ದ ಸೈನೋಸಾರೋಪ್ಟೆರಿಕ್ಸ್ ಎಂಬ ಡೈನೋಸಾರ್ ಹೊರಬಂತು. ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲು ಎಂಬುದನ್ನು ಇಂದು ವಿಜ್ಞಾನಿಗಳು ಹೆಚ್ಚುಕಡಿಮೆ ಒಮ್ಮತದಿಂದ ಒಪ್ಪುತ್ತಾರೆ. ಈ ಲೆಕ್ಕದಲ್ಲಿ ಜೋಳದ ಹೊಲದ ನವಿಲು, ಕಾರಂಜಾ ಜಲಾಶಯದ ಬೆಳ್ಳಕ್ಕಿ, ಮಾಳಿಗೆಯ ಮೇಲಿನ ಕಾಗೆ ಎಲ್ಲವೂ ಡೈನೋಸಾರ್‌ಗಳೇ. ಜಗತ್ತಿನಲ್ಲಿ ಅವುಗಳ ಪ್ರಭೇದಗಳು 10,000ಕ್ಕೂ ಹೆಚ್ಚು.

ಹಾಗಾದರೆ ಸತ್ತವು ಸತ್ತದ್ದು ಹೇಗೆ? ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಸರಿಸುಮಾರು 10 ಕಿ.ಮೀ. ಅಡ್ಡಗಲದ ಕ್ಷುದ್ರಗ್ರಹವೊಂದು ಈಗಿನ ಮೆಕ್ಸಿಕೊ ಬಳಿ ಅಪ್ಪಳಿಸಿತು. ಅದು ಮಾಡಿದ ಚಿಕ್ಸುಲೂಬ್ ಕುಳಿ ಸುಮಾರು 180 ಕಿ.ಮೀ. ಅಗಲವಿದೆ. ದೂಳು, ಮಸಿ ಬಿಸಿಲನ್ನು ಮುಚ್ಚಿದವು, ಗಿಡಮರ ಒಣಗಿದವು. ಗಿಡ ತಿನ್ನುವ ದೈತ್ಯರು ಹಸಿದು ಸತ್ತ ಮೇಲೆ ಅವನ್ನು ತಿನ್ನುತ್ತಿದ್ದವೂ ಸತ್ತವು.

ಅದೇ ಕಾಲಕ್ಕೆ ನಮ್ಮ ದಖ್ಖನ್ ನೆಲವೂ ಕುದಿಯುತ್ತಿತ್ತು. ಬಿರುಕುಗಳಿಂದ ಉಕ್ಕಿದ ಲಾವಾ ಬುಟ್ಟಿಯಲ್ಲಿ ಜೋಡಿಸಿಟ್ಟ ರೊಟ್ಟಿಗಳ ಹಾಗೆ ಪದರದ ಮೇಲೆ ಪದರವಾಗಿ ಹರಡಿತು. ಈಗಲೂ ಅದು ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಮುಚ್ಚಿದೆ. ಭಾಲ್ಕಿ, ಔರಾದ್ ಕಡೆಯ ಎರೆಮಣ್ಣು ಆ ಲಾವಾ ಆರಿ ಆದ ಕರಿಕಲ್ಲು ಸವೆದು ಆದದ್ದು. ಬೀದರ ಕೋಟೆಯ ಕಂದಕವನ್ನು ಕಡಿದಿರುವ ಕೆಂಪು ಜಂಬಿಟ್ಟಿಗೆ ಕಲ್ಲು ಕೂಡ ಅದೇ ಲಾವಾ ಮಳೆಬಿಸಿಲಿಗೆ ಸವೆದು ರೂಪುಗೊಂಡದ್ದು. ಡೈನೋಸಾರ್‌ಗಳ ಸಾವಿನಲ್ಲಿ ಈ ಲಾವಾದ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಹೆಚ್ಚಿನವರು ಮುಖ್ಯ ಹೊಡೆತ ಕ್ಷುದ್ರಗ್ರಹದ್ದೇ ಎನ್ನುತ್ತಾರೆ.

ಹಕ್ಕಿಗಳಲ್ಲೂ ಬಹುಪಾಲು ಅಳಿದವು. ಉಳಿದವು ಮೈ ಸಣ್ಣದಿದ್ದ, ನೆಲದ ಮೇಲೆ ಓಡಾಡುತ್ತಿದ್ದ ಕೆಲವು. ಕಾಡೇ ಸುಟ್ಟಾಗ ಮರ ನಂಬಿದ್ದವಕ್ಕೆ ನೆಲೆ ತಪ್ಪಿತು. ಹಲ್ಲಿಲ್ಲದ ಕೊಕ್ಕಿನವು ಮಣ್ಣಲ್ಲಿ ಉಳಿದ ಬೀಜ ಹೆಕ್ಕಿ ಜೀವ ಹಿಡಿದಿರಬೇಕು.

‘ಕಾಡಿನಲ್ಲಿ ಒಂದಾದರೂ ದೊಡ್ಡದು ಅಡಗಿರಬಾರದೇ?’ ಎಂಬುದು ಮಕ್ಕಳ ಮುಂದಿನ ಪ್ರಶ್ನೆ. ಒಂದು ಪ್ರಾಣಿ 6.6 ಕೋಟಿ ವರ್ಷ ಬದುಕಲಾರದು. ಬೇಕಾದದ್ದು ಮರಿ ಮಾಡುತ್ತ ಬಂದ ದೊಡ್ಡ ಹಿಂಡು. ಹಿಂಡಿದ್ದರೆ ಹೆಜ್ಜೆ, ಲದ್ದಿ, ಮೊಟ್ಟೆ, ಹೆಣ ಕಾಣಲೇಬೇಕು. ಆಮೇಲಿನ ಕಾಲದ ಕಲ್ಲುಪದರಗಳಲ್ಲಿ ಆನೆ, ಕುದುರೆಗಳ ಪೂರ್ವಜರ ಎಲುಬು ರಾಶಿಯಾಗಿ ಸಿಗುತ್ತವೆ. ದೈತ್ಯ ಡೈನೋಸಾರ್‌ಗಳದ್ದು ಸಿಗುವುದಿಲ್ಲ.

ನಿಜವಾದ ದೈತ್ಯನ ಎಲುಬುಗೂಡು ನೋಡಬೇಕೆಂದರೆ ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ನಿಂತಿರುವ ಕೋಟಾಸಾರಸ್ ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ದೊರೆತದ್ದು, ಜುರಾಸಿಕ್ ಯುಗದ್ದು. ಬೀದರ ನೆಲದಲ್ಲಿ ಅಂಥದ್ದನ್ನು ಹುಡುಕುವುದು ಕಷ್ಟ, ಏಕೆಂದರೆ ಕುದಿಯುವ ಲಾವಾದಲ್ಲಿ ಎಲುಬು ಉಳಿಯುವುದಿಲ್ಲ. ಆದರೆ ಎರಡು ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಕೆರೆಗಳಿದ್ದವು. ಅವುಗಳ ಹೂಳು ಕಲ್ಲಾಗಿ ಉಳಿದಿದೆ. ವಿಕಾರಾಬಾದ್ ಸಮೀಪದ ನಸ್ಕಲ್‌ನಲ್ಲಿ ಅಂಥ ಪದರದಿಂದಲೇ ಡೈನೋಸಾರ್ ಕಾಲದ ಪುಟ್ಟ ಸಸ್ತನಿಯ ಹಲ್ಲುಗಳು ಸಿಕ್ಕವು, ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಅದನ್ನು ವರದಿ ಮಾಡಿದರು.

ಬಾವಿ ತೋಡುವಾಗ ಕರಿಕಲ್ಲಿನ ನಡುವೆ ಬಸವನಹುಳುವಿನ ಚಿಪ್ಪಿರುವ ಬೂದು ಪದರ ಕಂಡರೆ ಒಡೆದು ಚೆಲ್ಲಬೇಡಿ. ಫೋಟೊ ತೆಗೆದು, ಜಾಗ ಮತ್ತು ಆಳ ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ಭೂವಿಜ್ಞಾನ ಕಲಿಸುವ ಕಾಲೇಜಿಗೋ ತಿಳಿಸಿ. ಯಾವ ಪದರದಲ್ಲಿ ಸಿಕ್ಕಿತೆಂದು ಗೊತ್ತಿದ್ದರೆ ಮಾತ್ರ ಎಲುಬಿನ ಕಾಲ ಹೇಳಲು ಬರುತ್ತದೆ.