ಬರೆದವರ ಹಕ್ಕು, ಬರಹದ ಬೆಲೆ

ಕನ್ನಡದ ಯಾವುದೇ ಪುಸ್ತಕದ ಮೊದಲ ಪುಟಗಳನ್ನು ತಿರುವಿದರೆ, ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ ಇವುಗಳ ನಡುವೆ ‘ಹಕ್ಕುಗಳು: ಲೇಖಕರವು’ ಎಂದೋ ‘ಹಕ್ಕುಗಳು: ಪ್ರಕಾಶಕರವು’ ಎಂದೋ ಒಂದು ಪುಟ್ಟ ಸಾಲು ಕಣ್ಣಿಗೆ ಬೀಳುತ್ತದೆ. ವಾಚಕರಲ್ಲಿ ಬಹುಮಂದಿ ಅದನ್ನು ಲಕ್ಷಿಸುವುದಿಲ್ಲ. ಆದರೆ ಆ ಕೃತಿಯ ಮರುಮುದ್ರಣ, ಅನುವಾದ, ರಂಗಪ್ರಯೋಗ, ಚಲನಚಿತ್ರ, ಧ್ವನಿಪುಸ್ತಕ ಇವುಗಳಿಂದ ಬರುವ ಆದಾಯ ಯಾರ ಮನೆ ಸೇರಬೇಕೆಂಬುದು ಆ ಒಂದು ಸಾಲಿನ ಹಿಂದಿರುವ ಕರಾರಿನಿಂದ ನಿರ್ಣಯವಾಗುತ್ತದೆ.

ಸರಸ್ವತಿ ಇದ್ದ ಮನೆಗೆ ಲಕ್ಷ್ಮಿ ಕಾಲಿಡಳೆಂಬ ಮಾತು ಹಳೆಯದು. ಕನ್ನಡ ಕಾದಂಬರಿಯ ಆದ್ಯರಲ್ಲೊಬ್ಬರಾದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಸಾಹಿತ್ಯಾಸಕ್ತರಿಗೆ ತಿಳಿದದ್ದೇ ಆಗಿದೆ. ಪ್ರಕಾಶಕರ ಪಾಡೂ ಸುಖದ್ದಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ, ಅದನ್ನು ನಡೆಸಿದ್ದು ವಾಚಕರಿಂದ ಸಂಗ್ರಹಿಸಿದ ಚಂದಾಹಣದ ಬಲದಿಂದ. ಕಾಗದದ ಬೆಲೆ, ಅಚ್ಚಿನ ವೆಚ್ಚ, ಮಾರಾಟಗಾರರ ರಿಯಾಯತಿ ಇವೆಲ್ಲ ಕಳೆದು ಉಳಿಯುವುದು ಅಲ್ಪ. ಆದುದರಿಂದ ಲೇಖಕನೂ ಪ್ರಕಾಶಕನೂ ಪರಸ್ಪರ ವೈರಿಗಳೆಂದು ಭಾವಿಸುವುದು ಸರಿಯಲ್ಲ. ಉಳಿಯುವ ಆ ಅಲ್ಪವನ್ನು ನ್ಯಾಯವಾಗಿ ಹಂಚಿಕೊಳ್ಳುವ ಬಗೆ ಹೇಗೆ ಎಂಬುದೇ ಪ್ರಶ್ನೆ.

ಹಾಡು ಬರೆದವರ ಹೋರಾಟ

ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಕೃತಿಯನ್ನು ರಚಿಸಿದವನೇ ಸಾಮಾನ್ಯವಾಗಿ ಅದರ ಮೊದಲ ಒಡೆಯನೆಂಬುದು ಅದರ ಮೂಲತತ್ತ್ವ. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಆದರೆ ತತ್ತ್ವವೊಂದು, ವ್ಯವಹಾರವೊಂದು ಎಂಬುದು 1977ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಸರ್ವೋಚ್ಚ ನ್ಯಾಯಾಲಯವು, ನಿರ್ಮಾಪಕನು ಹಣ ಕೊಟ್ಟು ಚಿತ್ರಕ್ಕಾಗಿ ಬರೆಸಿದ ಹಾಡಿಗೆ, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನೇ ಒಡೆಯನೆಂದು ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿಯೊಂದನ್ನು ಬರೆದು, ಸಂಗೀತಗಾರರ ವಿಷಯದಲ್ಲಿ ಕಾಯಿದೆಯಲ್ಲಿರುವ ಕೊರತೆಯತ್ತ ಗಮನ ಸೆಳೆದರು.

ಅನಂತರದ 35 ವರ್ಷಗಳಲ್ಲಿ ಹಾಡುಗಳು ಧ್ವನಿಸುರುಳಿ, ದೂರದರ್ಶನ, ಮೊಬೈಲು ದೂರವಾಣಿಗಳನ್ನು ಹೊಕ್ಕು ಹೊಸ ಹೊಸ ಆದಾಯ ತಂದವು. ಒಮ್ಮೆಗೇ ಸಂಭಾವನೆ ಪಡೆದು ಸಹಿ ಮಾಡಿದ ಕವಿಗೆ ಅದರಲ್ಲಿ ಪಾಲಿರಲಿಲ್ಲ. ಕವಿ, ಚಿತ್ರಸಾಹಿತಿ ಜಾವೇದ್ ಅಖ್ತರ್ ಅವರು ರಾಜ್ಯಸಭೆಯ ಸದಸ್ಯರಾಗಿ ಈ ವಿಷಯವನ್ನು ಸಂಸತ್ತಿನಲ್ಲಿ ಎತ್ತಿ ವಾದಿಸಿದರು. 2012ರ ಮೇ ತಿಂಗಳಿನಲ್ಲಿ ಸಂಸತ್ತಿನ ಎರಡೂ ಸದನಗಳು ತಿದ್ದುಪಡಿಗೆ ಒಪ್ಪಿಗೆಯಿತ್ತವು. ಜೂನ್ 21ರಿಂದ ಅದು ಜಾರಿಗೆ ಬಂದಿತು. ಅದರ ಪ್ರಕಾರ, ಚಿತ್ರಮಂದಿರದಲ್ಲಿ ಚಿತ್ರದೊಡನೆ ಪ್ರದರ್ಶನವಾಗುವುದನ್ನು ಬಿಟ್ಟು ಬೇರಾವ ರೀತಿಯಲ್ಲಿ ಹಾಡು ಬಳಕೆಯಾದರೂ, ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕುಂಟು. ಆ ಹಕ್ಕನ್ನು ಅವರು ತಮ್ಮ ವಾರಸುದಾರರಿಗೆ ಅಥವಾ ರಾಯಧನ ವಸೂಲು ಮಾಡುವ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರಾರಿಗೂ ಬಿಟ್ಟುಕೊಡಲಾಗದು. ಬಡತನದ ಒತ್ತಡದಲ್ಲಿ ಹಾಕಿದ ಸಹಿಯೂ ಅದನ್ನು ಅಳಿಸಲಾರದು.

ಪುಸ್ತಕ ಬರೆದವರ ಸ್ಥಿತಿ

ಆದರೆ ಪುಸ್ತಕವನ್ನಷ್ಟೇ ಬರೆಯುವ ಲೇಖಕನಿಗೆ ಇಂತಹ ಅಭಯ ದೊರೆತಿಲ್ಲ. ಕಾದಂಬರಿಕಾರನು ತನ್ನ ಕೃತಿಯನ್ನು ಒಂದೇ ಮೊತ್ತಕ್ಕೆ ಮಾರಿದರೆ, ಅದು ಹತ್ತು ಮುದ್ರಣ ಕಂಡರೂ ಹೆಚ್ಚಿನದನ್ನು ಕೇಳುವ ಅಧಿಕಾರ ಅವನಿಗೆ ಉಳಿಯದೆ ಹೋಗಬಹುದು. ಆದುದರಿಂದ ಅವನ ರಕ್ಷಣೆಯೆಲ್ಲ ಕರಾರುಪತ್ರದಲ್ಲಿದೆ. ಈ ಬಗ್ಗೆ ಕಾಯಿದೆಯ 19ನೆಯ ಪ್ರಕರಣ ಹೇಳುವ ಮಾತುಗಳು ಪ್ರತಿಯೊಬ್ಬ ಬರಹಗಾರನಿಗೂ ತಿಳಿದಿರಬೇಕು.

ಮೊದಲನೆಯದಾಗಿ, ಲಿಖಿತವಾಗಿಲ್ಲದ, ಲೇಖಕನ ಅಥವಾ ಅವನ ಅಧಿಕೃತ ಪ್ರತಿನಿಧಿಯ ಸಹಿಯಿಲ್ಲದ ಹಕ್ಕಿನ ವರ್ಗಾವಣೆ ಸಿಂಧುವಲ್ಲ. ಎರಡನೆಯದಾಗಿ, ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ರಾಯಧನ ಎಂಬುದು ಕರಾರಿನಲ್ಲಿ ನಮೂದಾಗಿರಬೇಕು. ಮೂರನೆಯದಾಗಿ, ಕಾಲಾವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಭಾವಿಸಬೇಕು. ನಾಲ್ಕನೆಯದಾಗಿ, ಹಕ್ಕು ಪಡೆದವರು ಅದನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ವರ್ಗಾವಣೆ ಬಿದ್ದುಹೋಗುತ್ತದೆ. ಬಾಯಿಮಾತಿನ ವಿಶ್ವಾಸ ಸ್ನೇಹಕ್ಕೆ ಭೂಷಣ. ವ್ಯವಹಾರಕ್ಕೆ ಕಾಗದವೇ ಆಧಾರ. ಸ್ಪಷ್ಟವಾದ ಕರಾರು ಪ್ರಾಮಾಣಿಕ ಪ್ರಕಾಶಕನಿಗೂ ಅಷ್ಟೇ ಹಿತ.

ಲೇಖಕನ ನಿಧನಾನಂತರವೂ ಈ ಹಕ್ಕು ಉಳಿಯುತ್ತದೆ. ಮೊದಲು ಅದರ ಅವಧಿ 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ ಎದ್ದ ಚರ್ಚೆಯ ಫಲವಾಗಿ ಅದು 60 ವರ್ಷಕ್ಕೇರಿತು. ನಿಧನದ ಮರುವರ್ಷದ ಆರಂಭದಿಂದ ಈ ಲೆಕ್ಕ. ಹೀಗಾಗಿ 1963ರಲ್ಲಿ ಅಕಾಲ ಮರಣಕ್ಕೀಡಾದ ತ್ರಿವೇಣಿಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕಾದಂಬರಿಗಳನ್ನು 2024ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಅಂತಹ ಕೃತಿಗಳಿಗೆ 2041ರ ಕೊನೆಯವರೆಗೂ ಅನುಮತಿ ಬೇಕು.

ಸಂಘಗಳ ಹೊಣೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳಿಗೆ ಈ ವಿಷಯ ದೂರದ್ದಲ್ಲ. ರಾಜ್ಯೋತ್ಸವಕ್ಕೆ ನಾಟಕ, ಯುಗಾದಿಗೆ ಭಾವಗೀತೆ, ವಾರ್ಷಿಕ ಸಂಚಿಕೆಗೆ ಕಥೆ ಕವನ: ಇವೆಲ್ಲ ಯಾರೋ ಬರೆದ ಆಸ್ತಿ. ಹವ್ಯಾಸಿ ಸಂಘವು ಟಿಕೇಟಿಲ್ಲದೆ ಪ್ರೇಕ್ಷಕರಿಗೆ ನಾಟಕವಾಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಕಾಯಿದೆಯ 52ನೆಯ ಪ್ರಕರಣ ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಟಿಕೇಟಿಟ್ಟು ಆಡುವಾಗ ನಾಟಕಕಾರನ ಅನುಮತಿ ಅಗತ್ಯ.

ಇದಕ್ಕೆ ಕನ್ನಡದ್ದೇ ನಿದರ್ಶನವಿದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಪ್ರಸಂಗವೊಂದನ್ನು 2001ರಲ್ಲಿ ಶಿಕ್ಷಣ ಸಂಸ್ಥೆಯೊಂದು ದೆಹಲಿಯಲ್ಲಿ ಪ್ರದರ್ಶಿಸಿದಾಗ, ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದಿದ್ದವರು ತಮ್ಮ ಒಪ್ಪಿಗೆಯಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಹಕ್ಕನ್ನು ಎತ್ತಿಹಿಡಿಯಿತು. ಜೊತೆಗೆ ಶಿಕ್ಷಣ ಸಂಸ್ಥೆಗಳಿಗೂ ಹಣ ಪಡೆಯದ ಹವ್ಯಾಸಿ ಪ್ರದರ್ಶನಗಳಿಗೂ ಕಾಯಿದೆ ಕೊಟ್ಟಿರುವ ವಿನಾಯಿತಿ ಬಾಧಿತವಾಗದೆಂದೂ ತಿಳಿಸಿತು. ಒಡೆತನಕ್ಕೂ ಸಮಾಜದ ಬಳಕೆಗೂ ನಡುವೆ ಕಾಯಿದೆ ಬಯಸುವ ಸಮತೋಲ ಇದೇ.

ಕಾಯಿದೆ ವಿನಾಯಿತಿ ಕೊಟ್ಟರೂ ಸೌಜನ್ಯಕ್ಕೆ ವಿನಾಯಿತಿಯಿಲ್ಲ. ಹಾಡುವ ಮುನ್ನ ಕವಿಯ ಹೆಸರನ್ನು ಹೇಳಬೇಕು. ಕಥೆಯನ್ನು ಮರುಮುದ್ರಿಸುವಾಗ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಶಾಮಿಯಾನ, ಧ್ವನಿವರ್ಧಕ, ಊಟೋಪಚಾರಗಳ ಲೆಕ್ಕದಲ್ಲಿ ಲೇಖಕನ ಗೌರವಧನಕ್ಕೂ ಒಂದು ಸಾಲಿರಬೇಕು. ಇಂದು ಹೊಸ ಕಾದಂಬರಿ ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ಅದರ ನಕಲು ವಾಟ್ಸಾಪಿನಲ್ಲಿ ಹರಿದಾಡಿದರೆ, ಅದನ್ನು ಮುಂದಕ್ಕೆ ಕಳುಹಿಸುವವರು ಕನ್ನಡದ ಸೇವೆಯೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದರಿಂದ ನಷ್ಟಕ್ಕೊಳಗಾಗುವುದು ಒಂದು ಸಾವಿರ ಪ್ರತಿ ಮಾರಲು ಹೆಣಗುವ ಪ್ರಕಾಶಕ ಮತ್ತು ಅವನನ್ನು ನಂಬಿದ ಲೇಖಕ.

ತವರಿನಿಂದ ದೂರವಿರುವ ಕನ್ನಡಿಗರ ಮಕ್ಕಳಿಗೆ ಕನ್ನಡವನ್ನು ಉಳಿಸಿಕೊಡುವುದು ಮುಖ್ಯವಾಗಿ ಪುಸ್ತಕಗಳೇ. ಬೆಲೆ ಕೊಟ್ಟು ಕೊಂಡ ಒಂದು ಪುಸ್ತಕ, ಓದದೆ ಹಾಕದ ಒಂದು ಸಹಿ, ಕೇಳಿ ಪಡೆದ ಒಂದು ಅನುಮತಿ: ಇವು ಸಣ್ಣ ಕೆಲಸಗಳು. ಮುಂದಿನ ತಲೆಮಾರಿಗೂ ಕನ್ನಡದಲ್ಲಿ ಬರೆಯುವವರು ಇರುವರೇ ಎಂಬುದು ಬಹುಮಟ್ಟಿಗೆ ಇವನ್ನೇ ಅವಲಂಬಿಸಿದೆ.